ಹೆಬ್ಬೆಟ್ಟಿಗೆ ಮುಂಚೆ

ನಮ್ಮ ವಕೀಲಮ್ಮನ ಬಲಗೈಯ ಎರಡು ಬೆರಳುಗಳು ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು. ಉಗುರಿನ ಅಂಚಿನಲ್ಲಿ ಆ ಬಣ್ಣ ಇನ್ನೂ ಗಾಢ. ಹೆಬ್ಬೆಟ್ಟು ಹಾಕುವವರನ್ನು ಅವರು ಗುಮಾಸ್ತನಿಗೆ ಒಪ್ಪಿಸುತ್ತಿರಲಿಲ್ಲ. ತಾವೇ ಬೆರಳು ಹಿಡಿದು ಸ್ಟ್ಯಾಂಪ್ ಪ್ಯಾಡಿನ ಮೇಲೆ ಹೊರಳಿಸಿ, ಕಾಗದಕ್ಕೆ ಒತ್ತಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಕಳಿಸುತ್ತಿದ್ದರು. ತಮ್ಮ ಬೆರಳು ಒರೆಸಿಕೊಳ್ಳುವುದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ.

ಅವರ ಕಚೇರಿ ಹಲಸೂರಿನಲ್ಲಿ, ಪಾತ್ರೆ ಅಂಗಡಿಯೊಂದರ ಮೇಲೆ. ಬರುವವರೆಲ್ಲ ಜಮೀನಿನವರು. ಬಾಣಸವಾಡಿ, ಕೃಷ್ಣರಾಜಪುರದ ಕಡೆ ರಾಗಿ ಹೊಲಗಳು ಸೈಟುಗಳಾಗುತ್ತಿದ್ದ ಕಾಲ ಅದು. ಮೂಲಪತ್ರ, ವಂಶವೃಕ್ಷ, ಹೆಣ್ಣುಮಕ್ಕಳ ಒಪ್ಪಿಗೆ ಇವನ್ನೆಲ್ಲ ನೋಡಿ, ಈ ಭೂಮಿ ಕೊಳ್ಳಬಹುದೋ ಬಾರದೋ ಎಂದು ಹೇಳುವುದು ಅವರ ಕೆಲಸ. ಅಲ್ಲಿಗೆ ನಾನು ಹೋಗುತ್ತಿದ್ದುದು ಮಾತ್ರ ಭೂಮಿಗಾಗಿ ಅಲ್ಲ.

ನಾನು ಕಂಪ್ಯೂಟರ್ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಇಂದಿರಾನಗರದ ಸಣ್ಣ ಕಂಪನಿಯೊಂದಕ್ಕೆ ಸೇರಿದ್ದೆ. ಹೊಟ್ಟೆಪಾಡಿಗೆ ನಾವು ಮಾಡುತ್ತಿದ್ದುದು ಅಂಗಡಿಗಳ ಬಿಲ್ಲಿನ ತಂತ್ರಾಂಶ. ಅದರ ಜೊತೆಗೆ, ಮಾಲೀಕರ ಹುಮ್ಮಸ್ಸಿನಿಂದ ಶುರುವಾದ ಇನ್ನೊಂದಿತ್ತು: ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ. ಅಂಧಮಕ್ಕಳ ಶಾಲೆಯ ಮೇಷ್ಟ್ರೊಬ್ಬರು ಅದನ್ನು ತಮ್ಮ ಹುಡುಗರಿಂದ ಪರೀಕ್ಷೆ ಮಾಡಿಸುತ್ತಿದ್ದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ‘ಮುಗಿದ ಮೇಲೆ ಇದನ್ನ ಓಪನ್ ಸೋರ್ಸ್ ಮಾಡಿ ಎಲ್ಲರಿಗೂ ಕೊಟ್ಟುಬಿಡ್ತೀನಿ’ ಎಂದು ಮಾಲೀಕರು ಅವರಿಗೆ ಮಾತು ಕೊಟ್ಟಿದ್ದರು.

ಅಷ್ಟರಲ್ಲಿ ಕಂಪನಿಯನ್ನೇ ಹೊರದೇಶದವರು ಕೊಳ್ಳಲು ಬಂದರು. ಅವರಿಗೆ ಬೇಕಿದ್ದುದು ಬಿಲ್ಲಿನ ತಂತ್ರಾಂಶ. ಆದರೆ ಕರಾರಿನ ಪ್ರಕಾರ, ಸಹಿಯಾಗುವ ದಿನದವರೆಗೆ ದಾನವಾಗದೆ ಉಳಿದ ಕೋಡೆಲ್ಲ ಅವರದೇ. ಅದರಿಂದ ಲಾಭವಿಲ್ಲ ಎನಿಸಿದರೆ ಬೀಗ ಹಾಕಿ ಇಡುವುದು ಅಂಥವರ ಪದ್ಧತಿ. ಶುಕ್ರವಾರ ಸಂಜೆ ಸಹಿ. ಅದಕ್ಕೆ ಮುಂಚೆ ಓದುವ ಪ್ರೋಗ್ರಾಮಿನ ಪ್ರತಿ ಸಾಲು ಯಾರದು, ಅದನ್ನು ಕೊಡುವ ಹಕ್ಕು ನಮಗಿದೆಯೇ ಎಂದು ತೀರ್ಮಾನವಾಗಬೇಕಿತ್ತು. ಹಕ್ಕಿಲ್ಲದೆ ಕೊಟ್ಟರೆ ನಾಳೆ ಯಾರೋ ಬಂದು ‘ತೆಗೀರಿ’ ಎನ್ನಬಹುದು, ಶಾಲೆಯ ಕಂಪ್ಯೂಟರುಗಳು ಮತ್ತೆ ಮೂಕವಾಗಬಹುದು. ಹಿಂದೆ ತಮ್ಮ ಮನೆಯ ಪತ್ರಗಳನ್ನು ನೋಡಿದ್ದರೆಂಬ ಒಂದೇ ಕಾರಣಕ್ಕೆ ಮಾಲೀಕರು ಈ ಕೆಲಸವನ್ನು ವಕೀಲಮ್ಮನಿಗೆ ಒಪ್ಪಿಸಿದರು. ಅವರು ಕೇಳಿದ ಮಾಹಿತಿ ತಂದುಕೊಡುವುದು ನನ್ನ ಪಾಲಿಗೆ ಬಂತು.

ಮೊದಲ ದಿನವೇ ಅವರು ಕೇಳಿದರು, “ಇದನ್ನ ಬರೆದೋರು ಯಾರು? ಬರೆಯೋವಾಗ ಯಾರ ಅನ್ನ ತಿಂತಿದ್ರು?”

ನನಗೆ ಪ್ರಶ್ನೆ ಒರಟಾಗಿ ಕೇಳಿಸಿತು. ಆಮೇಲೆ ಅರ್ಥವಾಯಿತು, ಇಡೀ ಕಾನೂನು ಅದರಲ್ಲೇ ಇತ್ತು. ಸಂಬಳಕ್ಕಿದ್ದವನು ಕೆಲಸದ ಭಾಗವಾಗಿ ಬರೆದದ್ದು ಕಂಪನಿಯದು. ಹೊರಗಿನಿಂದ ಬರೆದುಕೊಟ್ಟವನದು, ಬೇರೆ ಕರಾರು ಇಲ್ಲದಿದ್ದರೆ, ಅವನದೇ. ಒಂದು ಕಡೆ ನಮ್ಮವನೊಬ್ಬ ಇನ್ಯಾರದೋ ಕೋಡಿನ ತುಂಡನ್ನು ತಂದು ಸೇರಿಸಿದ್ದ. ಅದರ ಪರವಾನಗಿ ನಮ್ಮದಕ್ಕೆ ಹೊಂದುತ್ತಿರಲಿಲ್ಲ. “ಕಿತ್ತಾಕು. ಪಕ್ಕದ ಮನೆ ಗೋಡೆ ಮೇಲೆ ತೊಲೆ ಇಟ್ಟು ಮನೆ ಕಟ್ಟಕ್ಕಾಗುತ್ತಾ?” ಎಂದರು. ಅದನ್ನು ಕಿತ್ತು, ಹಳೆಯದನ್ನು ನೋಡದೆ, ಹೊಸದಾಗಿ ಬರೆದೆವು.

“ಮೇಡಂ, ಇದು ಸೈಟಲ್ಲ, ಸಾಫ್ಟ್‌ವೇರು” ಎಂದು ಮಾಲೀಕರು ಒಮ್ಮೆ ಫೋನಿನಲ್ಲಿ ರೇಗಿದಾಗ, “ಸೈಟಿಗೆ ಬೇಲಿನಾದ್ರೂ ಇರುತ್ತೆ ಕಣಪ್ಪ. ಇದು ಒಂದ್ಸಲ ಆಚೆ ಹೋದ್ರೆ ನೀನು ಕೂಗಿದ್ರೂ ವಾಪಸ್ ಬರಲ್ಲ” ಎಂದು ಫೋನು ಇಟ್ಟಿದ್ದರು.

ಕೊನೆಗೆ ಉಳಿದದ್ದು ಒಂದೇ ಭಾಗ. ಪದಗಳನ್ನು ಹೇಗೆ ಬಿಡಿಸಬೇಕು, ಎಲ್ಲಿ ಒತ್ತಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಎಂದು ಯಂತ್ರಕ್ಕೆ ಹೇಳಿಕೊಡುವ ಭಾಗ. ಅದಿಲ್ಲದಿದ್ದರೆ ಪ್ರೋಗ್ರಾಂ ಓದುತ್ತಿರಲಿಲ್ಲ, ಬರೀ ಒದರುತ್ತಿತ್ತು. ಅದನ್ನು ಬರೆದವನು ಕಲಬುರಗಿ ಕಡೆಯಿಂದ ಬಂದು ಮನೆಯವರೊಂದಿಗೆ ಕೃಷ್ಣರಾಜಪುರದ ಬಾಡಿಗೆ ಕೋಣೆಯಲ್ಲಿದ್ದ ಹುಡುಗ. ಕಂಪನಿಯ ನೌಕರನಲ್ಲ, ಮನೆಯಲ್ಲೇ ಕೂತು ಬರೆದುಕೊಟ್ಟವನು. ಹಿಂದಿನ ವರ್ಷ ಹಳೇ ಮದ್ರಾಸು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಕರಾರುಪತ್ರ ಇರಲಿಲ್ಲ.

ಮಾಲೀಕರು ತಡಮಾಡಲಿಲ್ಲ. ಹುಡುಗನ ತಂದೆಯನ್ನು ಕರೆಸಿ ಸಹಿ ಹಾಕಿಸಿ, ಗುರುವಾರ ಬೆಳಿಗ್ಗೆ ತಾವೇ ಹಲಸೂರಿಗೆ ಬಂದರು. ಮಗನ ಕೋಡಿನ ಹಕ್ಕನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟಿದ್ದೇನೆ ಎಂಬ ಪತ್ರ.

ವಕೀಲಮ್ಮ ಓದಿ, ಮಡಿಸಿ, ಹಿಂದಕ್ಕೆ ಕೊಟ್ಟರು. “ಹುಡುಗನಿಗೆ ಮದುವೆ ಆಗಿತ್ತಾ?”

“ಇಲ್ಲ.”

“ವಿಲ್ ಬರೆದಿದ್ನಾ?”

“ಎಲ್ಲಿಯ ವಿಲ್ ಮೇಡಂ, ಇಪ್ಪತ್ತಾರರ ಹುಡುಗ.”

“ತಾಯಿ ಇದ್ದಾರಾ?”

“ಇದ್ದಾರೆ. ಯಾಕೆ?”

“ಹಂಗಾದ್ರೆ ಎಲ್ಲಾ ಆಯಮ್ಮಂದೇ. ತಾಯಿ ಇರೋವಾಗ ಮಗನ ಆಸ್ತಿ ತಂದೆಗೆ ಬರಲ್ಲ. ಈ ಪೇಪರ್‌ನಲ್ಲಿ ಬೋಂಡ ಕಟ್ಟಬಹುದು ಅಷ್ಟೆ.”

ಮಾಲೀಕರ ಮುಖ ಕೆಂಪಾಯಿತು. “ಮನೆ ಯಜಮಾನ ಅವರಲ್ವಾ ಮೇಡಂ?”

“ಮನೆಗೆ ಯಜಮಾನ. ಇದಕ್ಕಲ್ಲ.”

ಮಾಲೀಕರು ಮೆಟ್ಟಿಲು ಇಳಿಯುವಾಗ ನನಗೆ ಹೇಳಿದರು: “ನಾಳೆ ಆಯಮ್ಮನ್ನ ಕರ್ಕೊಂಡು ಬಂದು ಹೆಬ್ಬೆಟ್ಟು ಒತ್ಸಿಬಿಡಮ್ಮ. ಬೇರೆ ಮಾತು ಬೇಡ.”

ಅಂದು ಮಧ್ಯಾಹ್ನ ಮೇಷ್ಟ್ರ ಫೋನು ಬಂತು. ಅವರು ಕೇಳಿದ್ದು ಒಂದೇ. “ನಾಡಿದ್ದು ಹುಡುಗರಿಗೆ ಏನ್ ಹೇಳ್ಲಿ ಮೇಡಂ?” “ನಾಳೆ ಸಂಜೆ ಹೇಳ್ತೀನಿ” ಎಂದೆ.

ಶುಕ್ರವಾರ ಬೆಳಿಗ್ಗೆ ಕೃಷ್ಣರಾಜಪುರಕ್ಕೆ ಹೋದೆ. ಹುಡುಗನ ತಾಯಿ ಸ್ಟೇಷನ್ನಿನ ಹತ್ತಿರದ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದರು. ಆ ದಿನದ ರೊಟ್ಟಿ ಮುಗಿಯದೆ ಅವರು ಏಳುವಂತಿರಲಿಲ್ಲ. ಒಲೆಯ ಪಕ್ಕ ಕಾದು ಕುಳಿತೆ. ಹೊರಟಾಗ ಮಧ್ಯಾಹ್ನ ದಾಟಿತ್ತು. ತೂಗುಸೇತುವೆಯ ಹತ್ತಿರ ಲಾರಿಗಳ ಸಾಲು ಅಲುಗಾಡಲಿಲ್ಲ. ಆಟೋದವನು ಎಂಜಿನ್ ಆರಿಸಿ ಬೀಡಿ ಹಚ್ಚಿದ. ನಾನು ಗಡಿಯಾರ ನೋಡಿಕೊಳ್ಳುವುದನ್ನು ನೋಡಿ ಆಕೆಯೇ ಸಮಾಧಾನ ಹೇಳಿದರು, “ಗಾಬರಿ ಆಗಬ್ಯಾಡ ತಂಗಿ. ಹೆಬ್ಬಟ್ಟು ಒತ್ಲಿಕ್ಕಿ ಎಷ್ಟೊತ್ತು ಬೇಕು?”

ಹಲಸೂರಿನಲ್ಲಿ ಮಾಲೀಕರು ಆಗಲೇ ಬಂದು ಕುಳಿತಿದ್ದರು. ಕೈಯಲ್ಲಿ ಹಳೆಯ ಪತ್ರವೇ, ಹೆಸರು ಮಾತ್ರ ತಾಯಿಯದು. ಆಕೆ ಕುರ್ಚಿಯ ಅಂಚಿನಲ್ಲಿ ಕುಳಿತು, ಸೆರಗಿಗೆ ಕೈ ಒರೆಸಿಕೊಂಡು, ಹೆಬ್ಬೆರಳನ್ನು ಮುಂದೆ ಚಾಚಿದರು.

“ಎಲ್ಲಿ ಹಚ್ಲಿ, ತೋರಿಸ್ರಿ ಅಕ್ಕಾರ.”

ವಕೀಲಮ್ಮ ಪ್ಯಾಡಿನ ಮುಚ್ಚಳ ತೆಗೆಯಲಿಲ್ಲ. ತಮ್ಮಲ್ಲಿಗೆ ಬಂದ ಪ್ರತಿಯೊಬ್ಬರನ್ನೂ ಕೇಳುವುದನ್ನೇ ಕೇಳಿದರು: “ಏನು ಕೊಡ್ತಿದ್ದೀರಾ ಅಂತ ನಿಮ್ಮ ಬಾಯಲ್ಲಿ ಹೇಳಿ ತಾಯಿ.”

“ಏನ್ ಹೇಳ್ಬೇಕ್ರಿ? ಮಗನ ಆಫೀಸಿನ ಕಾಗದ ಅಂದ್ರು ನಮ್ಮನ್ಯಾಗ. ಒತ್ತಿ ಬಾ ಅಂದ್ರು, ಬಂದೀನಿ.”

“ಆಗ ಇವತ್ತು ಆಗಲ್ಲ.”

ಮಾಲೀಕರು ಎದ್ದು ನಿಂತರು. “ಮೇಡಂ, ಐದು ಗಂಟೆಗೆ ಅಲ್ಲಿ ಅವರ ಲಾಯರ್‌ಗಳು ಕೂತಿರ್ತಾರೆ! ಆಯಮ್ಮನೇ ಒತ್ತೀನಿ ಅಂತಿದ್ದಾರೆ, ನಿಮಗೇನ್ ಕಷ್ಟ?”

“ಕೂತ್ಕೋ. ಕೂಗಾಡಬೇಡ, ಕೆಳಗೆ ಪಾತ್ರೆ ಅಂಗಡಿಯವನಿಗೆ ಗಿರಾಕಿ ಇದ್ದಾರೆ.” ನನ್ನ ಕಡೆ ತಿರುಗಿದರು. “ನೀನು ಹೇಳಮ್ಮ ಆಯಮ್ಮಂಗೆ. ನೀನೇ ತಾನೆ ಓದಿರೋಳು.”

ನಾನು ಮಾತಿನವಳಲ್ಲ. ಕೃತಿಸ್ವಾಮ್ಯ, ಹಕ್ಕು ವರ್ಗಾವಣೆ, ಪರವಾನಗಿ ಎಂದು ಶುರುಮಾಡಿದೆ. ಆಕೆ ಪ್ರತಿ ಪದಕ್ಕೂ ‘ಹೂಂನ್ರಿ’ ಎಂದರು. ಆ ಹೂಂಗುಟ್ಟುವಿಕೆ ಎಂಥದು ಎಂದು ನನಗೂ ಗೊತ್ತಾಯಿತು, ವಕೀಲಮ್ಮನಿಗೂ ಗೊತ್ತಾಯಿತು. ಮಾಲೀಕರ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು. ನಾನು ಮಾತು ನಿಲ್ಲಿಸಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಪ್ರೋಗ್ರಾಂ ಹಾಕಿ, ಎರಡನೇ ತರಗತಿಯ ಪಾಠವೊಂದನ್ನು ಓದಿಸಿದೆ.

ಆಕೆ ತಲೆ ಓರೆ ಮಾಡಿ ಕೇಳಿದರು. “ಇದು ಅವನ ದನಿ ಅಲ್ಲ.”

“ಅಲ್ಲಮ್ಮ, ದನಿ ಬೇರೆಯವರದು. ಎಲ್ಲಿ ನಿಲ್ಲಬೇಕು, ಯಾವುದನ್ನ ಎಳೀಬೇಕು ಅಂತ ಇದಕ್ಕೆ ಕಲಿಸಿದ್ದು ನಿಮ್ಮ ಮಗ. ಕಣ್ಣಿಲ್ಲದ ಮಕ್ಕಳು ಇದನ್ನ ಕೇಳಿ ಓದ್ತಾರೆ.”

ಆಕೆ ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, “ಹೌದೇನು? ಅದಕ್ಕೇ ಅವ ನನ್ ಮುಂದ ಕುಂತು ಒಂದ್ ಮಾತು ಹತ್ ಸಲ ಅನಸ್ತಿದ್ದ. ರೊಟ್ಟಿ ಸೀದು ಹೋಗ್ತಾವೋ ಭಾಡ್ಯಾ, ಏಳು ಅಂತ ಬೈತಿದ್ದೆ” ಎಂದರು. ನಗಲು ಹೋಗಿ ನಿಲ್ಲಿಸಿಕೊಂಡರು.

“ಈಗ ಹೇಳಿ ತಾಯಿ, ಏನು ಕೊಡ್ತಿದ್ದೀರಾ?” ವಕೀಲಮ್ಮನ ದನಿಯಲ್ಲಿ ಏರಿಳಿತವಿರಲಿಲ್ಲ.

“ನನ್ ಮಗ ಮಷೀನಿಗಿ ಓದ್ಲಿಕ್ಕಿ ಕಲಿಸ್ಯಾನ. ಅದನ್ನ ಕಣ್ಣಿಲ್ಲದ ಹುಡುಗ್ರಿಗಿ ಕೊಡ್ಲತೀನಿ.”

“ಅಷ್ಟೇ ಅಲ್ಲ. ಈ ಪೇಪರ್‌ಗೆ ಒತ್ತಿದ್ರೆ, ಇನ್ಮೇಲೆ ಅದು ಈ ಯಪ್ಪಂದು. ಹುಡುಗರಿಗೆ ಕೊಟ್ಟ ಮೇಲೂ ಯಜಮಾನಿಕೆ ಇವರ್ದೇ. ಸಂಜೆ ಅದನ್ನ ಇನ್ನೊಬ್ಬರಿಗೆ ಮಾರ್ತಾರೆ. ಬರೆದೋನ ಹೆಸರು ಅಳಿಸಿದ್ರೂ ನೀವು ಕೇಳಕ್ಕೆ ಹೋಗೋದು ಕಷ್ಟ.”

ಆಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

“ಹುಡುಗ್ರಿಗಿ ಕೊಡ್ರಿ. ಇವ್ರಿಗಿ ಬ್ಯಾಡ.”

ಮಾಲೀಕರು ಮೇಜಿನ ಮೇಲೆ ಅಂಗೈ ಬಡಿದರು. “ಮುಗೀತು! ಈಗ ದಾನಾನೂ ಇಲ್ಲ, ಮಾರಾಟಾನೂ ಇಲ್ಲ. ನೋಡಿದ್ರಾ ಮೇಡಂ ನೀವ್ ಮಾಡಿದ್ದು?”

ನನಗೂ ಹಾಗೇ ಅನ್ನಿಸಿತು. ಮೇಷ್ಟ್ರಿಗೆ ಏನು ಹೇಳುವುದೆಂದು ಯೋಚಿಸತೊಡಗಿದೆ. ವಕೀಲಮ್ಮ ಮಾತ್ರ ಬಿಳಿ ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದ್ದರು. ಬರೆಯುತ್ತಲೇ ಹೇಳಿದರು: “ಮನೆ ಮಾರದೇನೂ ಬಾಗಿಲು ತೆಗೆದಿಡಬಹುದಲ್ವೇನಪ್ಪ. ಹಕ್ಕು ಆಯಮ್ಮನ ಹತ್ರಾನೇ ಇರಲಿ. ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ಬರೆದೋನ ಹೆಸರು ಮಾತ್ರ ತೆಗೀಬಾರದು ಅಂತ ಆಯಮ್ಮ ಅನುಮತಿ ಕೊಡ್ತಾರೆ. ಉಳಿದ ಭಾಗಕ್ಕೆ ನೀನು ಅದೇ ಅನುಮತಿ ಕೊಡು. ದಾನಕ್ಕೆ ಇಷ್ಟು ಸಾಕು.”

“ಕೊಳ್ಳೋರಿಗೆ ಏನ್ ಹೇಳ್ಲಿ?”

“ನಿಜ ಹೇಳು. ಇದರಲ್ಲಿ ಒಂದು ಭಾಗ ನನ್ನದಲ್ಲ ಅನ್ನು. ನಿನ್ನದಲ್ಲದ್ದನ್ನ ಮಾರಿ ನಾಳೆ ಅವರ ದೇಶದ ಕೋರ್ಟಿಗೆ ಹೋಗ್ತೀಯಾ?”

ಅವಧಿ ಮತ್ತು ಪ್ರದೇಶ ಎಂಬ ಎರಡು ಪದಗಳ ಕೆಳಗೆ ಅವರು ಗೆರೆ ಎಳೆದದ್ದು ನೆನಪಿದೆ. ಹಕ್ಕು ಬಿಟ್ಟುಕೊಡುವಾಗ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ನಮ್ಮ ಕಾನೂನಿನಲ್ಲಿ ಅದು ಐದು ವರ್ಷಕ್ಕೆ ಮುಗಿಯುತ್ತದೆ, ಎಲ್ಲಿಗೆ ಎಂದು ಬರೆಯದಿದ್ದರೆ ದೇಶದೊಳಗೇ ನಿಲ್ಲುತ್ತದೆ. “ಅನುಮತಿಗೂ ಹಂಗೇ ಅಂತ ನಾಳೆ ಯಾರಾದ್ರೂ ವಾದ ಹೂಡ್ತಾರೆ. ಬರೆದಿಟ್ರೆ ಬಾಯಿ ಮುಚ್ಕೋತಾರೆ” ಎಂದರು. ಬರೆದದ್ದನ್ನು ಆಕೆಗೆ ಎರಡು ಸಲ ಓದಿ ಹೇಳಿದರು. ಆಕೆ ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳಿದರು, ಮಗನ ಹೆಸರಿನ ವಿಷಯವನ್ನು ಮೊದಲು. ಆಗ ಪ್ಯಾಡಿನ ಮುಚ್ಚಳ ತೆರೆಯಿತು.

ಮಾಲೀಕರು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. ಅವರ ಸಹಿ ಇಲ್ಲದೆ ಆ ಹೆಬ್ಬೆಟ್ಟೂ ವ್ಯರ್ಥ. ಯಾರೂ ಅವರನ್ನು ಕರೆಯಲಿಲ್ಲ. ಕೊನೆಗೆ ತಾವಾಗಿ ಬಂದು, ಕೂರದೆ, ಬಗ್ಗಿ ಸಹಿ ಮಾಡಿ, “ಮೇಷ್ಟ್ರಿಗೆ ಫೋನ್ ಮಾಡಮ್ಮ” ಎಂದು ನನಗೆ ಹೇಳಿ ಇಳಿದುಹೋದರು. ಕೊಳ್ಳುವವರು ಮುಖ ಸಿಂಡರಿಸಿ ಆ ಪ್ರೋಗ್ರಾಮಿನ ಹೆಸರನ್ನು ಕರಾರಿನಿಂದ ಹೊಡೆದುಹಾಕಿದರಂತೆ. ಅಷ್ಟರೊಳಗೆ ನಾನು ಆಫೀಸಿನಲ್ಲಿ ಕೂತು, ಪ್ರತಿ ಕಡತದ ತಲೆಯಲ್ಲಿ ಬರೆದವರ ಹೆಸರು ಸರಿಯಿದೆಯೇ ಎಂದು ನೋಡಿ, ಕೋಡನ್ನು ಹೊರಕ್ಕೆ ಬಿಟ್ಟಿದ್ದೆ. ಮೇಷ್ಟ್ರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಆ ಕಡೆ ಅವರು ಹುಡುಗರಿಗೆ ಹೇಳಿದ್ದು ಕೇಳಿಸಿತು: “ಲೋ, ನಮ್ದಾಯ್ತು ಕಣ್ರೋ!”

ಆಮೇಲೊಂದು ದಿನ ವಕೀಲಮ್ಮನನ್ನು ಕೇಳಿದೆ, ಅವತ್ತು ಅಷ್ಟು ಹಟ ಏಕೆಂದು. ಅವರು ಕಾಗದದಿಂದ ತಲೆ ಎತ್ತಲಿಲ್ಲ. “ಬಾಣಸವಾಡಿಲಿ ನಮ್ಮಪ್ಪನ ಜಮೀನು ಭಾಗ ಆದಾಗ ನಾನು ಲಾ ಓದ್ತಿದ್ದೆ. ಅಣ್ಣಂದಿರು ಪೇಪರ್ ತಂದ್ರು, ಇಲ್ಲಿ ಸಹಿ ಹಾಕು ಪುಟ್ಟಿ ಅಂದ್ರು, ಹಾಕ್ದೆ. ಲಾ ಓದ್ತಿದ್ದೋಳು! ಯಾರೂ ಮೋಸ ಮಾಡ್ಲಿಲ್ಲ, ಹೆದರಿಸ್ಲಿಲ್ಲ. ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ, ಅಷ್ಟೆ.” ಅಣ್ಣಂದಿರ ಜೊತೆ ಅವರು ಕಡೆಯವರೆಗೂ ಚೆನ್ನಾಗಿಯೇ ಇದ್ದರು. ಹಬ್ಬಕ್ಕೆ ಹೋಗುತ್ತಿದ್ದರು, ಊಟ ಮಾಡಿ ಬರುತ್ತಿದ್ದರು.

ನಾನು ಈಗ ಮಾಡುವ ಕೆಲಸ ಇದೇ. ಕಂಪನಿಗಳು ಕೋಡನ್ನು ದಾನ ಕೊಡುವ ಮುಂಚೆ ಅದು ಯಾರದೆಂದು ಪರಿಶೀಲಿಸುವುದು. ದೊಡ್ಡ ಕಚೇರಿಗಳಲ್ಲಿ ಕಲಿತದ್ದೂ ಇದೆ. ಮೊದಲು ಕಲಿತದ್ದು ಪಾತ್ರೆ ಅಂಗಡಿಯ ಮೇಲೆ.

ವಕೀಲಮ್ಮ ತೀರಿಕೊಂಡ ದಿನ ಬಾಣಸವಾಡಿಯ ಅಣ್ಣನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಗೇಟಿನ ಹತ್ತಿರ ಆ ಹುಡುಗನ ತಾಯಿಯನ್ನು ಕಂಡೆ. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಕುರ್ಚಿ ಜೋಡಿಸುತ್ತಿದ್ದ ಮನೆಯವರೊಬ್ಬರು ಅವರನ್ನು ತಡೆದು, “ಯಾರಮ್ಮ ನೀವು? ಕೆಲಸಕ್ಕೆ ಇದ್ರಾ ಇಲ್ಲಿ?” ಎಂದು ಕೇಳಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಆಕೆ ಸೆರಗು ಸರಿಪಡಿಸಿಕೊಂಡು ಉತ್ತರ ಕೊಟ್ಟಾಗಿತ್ತು.

“ಅಲ್ರಿ. ನಾ ಇವರ ಕಡಿ ವ್ಯವಹಾರ ಮಾಡ್ದಾಕಿ.”

ತಡೆದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.