ಎತ್ತಿ ಕುಡಿದ ಪೇಲ್ ಏಲ್

ಮಿತ್ರರೇ, ಇವತ್ತು ಮಧ್ಯಾಹ್ನ ಬಟವಾಡಿಯ ನಮ್ಮ ಮನೆಯಲ್ಲಿ ಬಿಯರ್ ಪರೀಕ್ಷೆ ನಡೆಯಿತು. ಬೆಂಗಳೂರಿನ ಬಿಯರ್ ಕಾರ್ಖಾನೆಯಲ್ಲಿರುವ ನನ್ನ ಭಾಮೈದ, ತಾನೇ ತಯಾರಿಸಿದ ಪೇಲ್ ಏಲ್ ಎಂಬ ಹೊಸ ಬಿಯರನ್ನು ಒಂದೇ ಒಂದು ಬಾಟಲಿ ತಂದಿದ್ದ. ಕುಡಿದವರ ಅಭಿಪ್ರಾಯ ಬರೆಸಿಕೊಂಡು ಹೋದರಷ್ಟೇ ಅವನ ಸಾಹೇಬರು ಅದನ್ನು ಮುಂದುವರಿಸುತ್ತಾರಂತೆ.

"ತಮ್ಮ ಆದ್ರೇನು, ಆ ಹಾಳಾದ್ದಕ್ಕೆ ನನ್ನ ಲೋಟ ಕೊಡಲ್ಲ" ಎಂದಳು ನನ್ನ ಹೆಂಡತಿ. ಉಳಿದದ್ದು ಅವನೇ ತಂದಿದ್ದ ಒಂದು ಗಾಜಿನ ಲೋಟ. ಪರೀಕ್ಷಕರು ಮಾತ್ರ ಇಬ್ಬರು, ಪಕ್ಕದ ಮನೆಯ ಗುಬ್ಬಿ ಶಿವಣ್ಣ ಮತ್ತು ಕುಣಿಗಲ್ ರಂಗಪ್ಪ.

"ಮೊದ್ಲು ಮೂಸಿ ನೋಡಿ ಶಿವಣ್ಣೋರೇ" ಎಂದ ಭಾಮೈದ.

"ಛೆ! ಇನ್ನೊಬ್ರು ಕುಡಿಯೋದನ್ನ ಮೂಸ್ತಾರೇನಪ್ಪಾ?"

ಎಂಜಲಾಗಬಾರದೆಂದು ಶಿವಣ್ಣ ಲೋಟವನ್ನು ಗೇಣೆತ್ತರಕ್ಕೆ ಹಿಡಿದು ಬಾಯಿಗೆ ಸುರಿದುಕೊಂಡರು. ನೊರೆಯೆಲ್ಲ ಮೂಗಿಗೆ ನುಗ್ಗಿತು. ಸೀನಿದ ರಭಸಕ್ಕೆ ಲೋಟ, ಪಕ್ಕದಲ್ಲಿ ರಂಗಪ್ಪನವರು ಹಿಡಿದಿದ್ದ ಬಾಟಲಿ ಎರಡೂ ಅವರದೇ ಹೊಸ ಟೆರಿಕಾಟ್ ಅಂಗಿಯ ಮೇಲೆ ಉರುಳಿದವು. ನಾನು ಹಣೆ ಚಚ್ಚಿಕೊಂಡೆ.

"ಬಣ್ಣನಾದ್ರೂ ಹೇಳಿ ಸಾರ್" ಎಂದ ಭಾಮೈದ, ಅಳುವುದೊಂದು ಬಾಕಿ.

"ನೋಡ್ಕೊಳಯ್ಯ!" ಎಂದು ರಂಗಪ್ಪ ಎದೆ ತೋರಿಸಿದರು.

ಕೊನೆಗೆ ಅಭಿಪ್ರಾಯದ ಹಾಳೆಯಲ್ಲಿ ನಾನೇ ಬರೆದುಕೊಟ್ಟೆ: "ಒಗೆದರೆ ಹೋಗುತ್ತದೆ."