ನೈಟ್-ಬ್ಲೂಮಿಂಗ್‌ಗೆ ಅಪ್ಪ ಹಾಕಿದ ಪ್ರಸ್ತಾರ

ಮೇಟಗಳ್ಳಿಯ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ಫೋನ್ ಎತ್ತುತ್ತಿದ್ದ ನಾನು ಮನೆ ಸೇರಿದೆ. ಆಮೇಲೆ ಕೆಲಸಕ್ಕಾಗಿ ಯಾರ ಮುಂದೆ ಬೇಕಾದರೂ ಹಲ್ಲು ಗಿಂಜಲು ತಯಾರಿದ್ದೆ. ಇಲವಾಲದ ಕಡೆ ಯಾರೋ ಸಿರಿವಂತರು ತೋಟ ಮಾಡಿದ್ದರು. ನೋಡಲು ಬಂದವರು ಇಯರ್‌ಫೋನ್ ಸಿಕ್ಕಿಸಿಕೊಂಡು ಗಿಡದ ಮುಂದೆ ನಿಂತರೆ ಅದರ ಕುಲಗೋತ್ರವೆಲ್ಲ ಇಂಗ್ಲಿಷಿನಲ್ಲಿ ಕೇಳಿಸಬೇಕಂತೆ. ಆ ದನಿಗೆ ಒಬ್ಬ ಹೆಂಗಸು ಬೇಕಾಗಿದ್ದಳು. ನನಗೂ ಆ ಕೆಲಸ ಬೇಕೇ ಬೇಕಿತ್ತು.

ಪರೀಕ್ಷೆಗೆ ಕೊಟ್ಟ ಪದ ‘ನೈಟ್-ಬ್ಲೂಮಿಂಗ್’. ರಾತ್ರಿ ಅರಳುವ ಗಿಡಕ್ಕೆ ಹಚ್ಚುವ ವಿಶೇಷಣ. ಅದನ್ನು ಉಚ್ಚಾರದ ತುಂಡುಗಳಾಗಿ ಒಡೆದು, ಒತ್ತು ಎಲ್ಲಿ ಬೀಳುತ್ತದೆಂದು ತಿಳಿದು ಓದಬೇಕು. ನಮ್ಮ ಮನೆಯಲ್ಲಿ ಒಡೆಯುವುದೆಂದರೆ ತೆಂಗಿನಕಾಯಿ, ಇಲ್ಲವೇ ಷಟ್ಪದಿ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಕೇಳಿದ್ದೇ ತಡ, ಸೀಮೆಸುಣ್ಣ ಹಿಡಿದು ಅಡುಗೆಮನೆಯ ನೆಲದ ಮೇಲೆ ಪ್ರಸ್ತಾರ ಹಾಕಲು ಕೂತುಬಿಟ್ಟರು.

“ನೈಟ್, ಗುರು. ಬ್ಲೂ, ಗುರು. ಮಿಂಗ್, ಅದೂ ಗುರು. ಮಗಣ ಕಣಮ್ಮ, ಮುಗೀತು!”

“ಅಪ್ಪ, ಇಂಗ್ಲಿಷಿನಲ್ಲಿ ಒಂದರ ಮೇಲೆ ಮಾತ್ರ ಜೋರಾಗಿ ಒತ್ತು ಬೀಳುತ್ತಂತೆ.”

“ಅದೆಂಥ ಪಂಕ್ತಿಭೇದ? ಮೂರಕ್ಕೂ ಎರಡೆರಡು ಮಾತ್ರೆ. ಸಮನಾಗಿ ಬಡಿಸು.”

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ತೊಡೆ ತಟ್ಟಿಸಿ ತಟ್ಟಿಸಿ ಹೇಳಿಸಿದರು. ಬನ್ನಿಮಂಟಪದ ನಮ್ಮ ಬೀದಿಯವರು ಭಜನೆಯೆಂದುಕೊಂಡರು.

ಮರುದಿನ ತೋಟದವರು ಮೈಕಿನ ಮುಂದೆ ಕೂರಿಸಿದರು. ಅಲ್ಲಿ ಉಚ್ಚಾರ ಹೇಳಿಕೊಡುವ ಹುಡುಗಿ ಬಲು ಮರ್ಯಾದಸ್ಥೆ. “ಮೇಡಂ, ‘ನೈಟ್’ ಮೇಲೆ ಒತ್ತಿ, ಮಿಕ್ಕಿದ್ದನ್ನ ಹಗುರವಾಗಿ ಬಿಟ್ಬುಡಿ,” ಎಂದಳು. ಬಾಯಿ ಹೇಗೋ ಕೇಳಿತು, ಕೈ ಕೇಳಲಿಲ್ಲ. ಮೂರು ತುಂಡಿಗೂ ತೊಡೆಯ ಮೇಲೆ ತಪ್, ತಪ್, ತಪ್. ಕೈ ಜೋರಾದ ಹಾಗೆ ಬಾಯಿಯೂ ಅದರ ಹಿಂದೆಯೇ ಹೋಯಿತು.

“ಹೊರಗಡೆ ಯಾರಾದ್ರೂ ರೊಟ್ಟಿ ತಟ್ತಿದಾರಾ?” ಎಂದು ಅವಳು ಕಿವಿಯ ಹೆಡ್‌ಫೋನ್ ತೆಗೆದಳು. ನನ್ನ ಹಿಂದೆ ಕೂತಿದ್ದವಳಿಗೆ ಕೆಲಸ ಸಿಕ್ಕಿತು.

ಬಸ್ಸಿನಲ್ಲಿ ಇಡೀ ದಾರಿ ಅಪ್ಪನನ್ನು ಮನಸ್ಸಿನಲ್ಲೇ ಬೈದೆ. ಛಂದಸ್ಸನ್ನು ಕಂಡುಹಿಡಿದವರನ್ನೂ ಬಿಡಲಿಲ್ಲ. ಅಪ್ಪ ಗೇಟಿನಲ್ಲೇ ಕಾಯುತ್ತಿದ್ದರು.

“ನಿಮ್ಮ ಮಗಣ ನನ್ನ ಕೆಲಸ ನುಂಗಿ ನೀರು ಕುಡೀತು,” ಎಂದೆ.

ತಿರುಗಿ ವಾದಿಸುತ್ತಾರೆಂದು ಸೊಂಟ ಕಟ್ಟಿ ನಿಂತಿದ್ದೆ. ಯಾರಿಗೂ ಸೋತು ಗೊತ್ತಿಲ್ಲದ ಮನುಷ್ಯ, ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡತೊಡಗಿದರು.

“ಹುಟ್ಟಿದಾಗಿಂದ ನೀನು ನನ್ನ ಮಾತು ಕೇಳಿದ್ದು ಇದೊಂದೇ ಸಲ ಕಣಮ್ಮ,” ಎಂದರು. “ಅದೂ ಹಿಂಗಾಗ್ಬುಡ್ತಲ್ಲ.”