ಮಾಮಾನ ‘ಆತು’, ನನ್ನ ಮದುವೆ

ಒಂದೇ ವಾರದಲ್ಲಿ ನನ್ನ ಮದುವೆ ಒಮ್ಮೆ ಗೊತ್ತಾಯಿತು, ಒಮ್ಮೆ ಮುರಿದುಬಿತ್ತು. ಎರಡೂ ಸುಳ್ಳು. ಎರಡಕ್ಕೂ ಕಾರಣ ನಾನೇ ಬರೆದ ಪ್ರೋಗ್ರಾಮ್!

ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಬೈಲಹೊಂಗಲದಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸ್, ರಾಮದುರ್ಗದಲ್ಲಿ ಗೆಳೆಯನದೊಂದು. ನಡುವೆ ಮೋಡೆಮ್ಮು, ಫೋನ್ ಲೈನು. ಅಲ್ಲಿ ಒತ್ತಿದ ಅಕ್ಷರ ಇಲ್ಲಿಯ ಸ್ಕ್ರೀನ್ ಮೇಲೆ. ನನಗೆ ನೋಡಿದ್ದ ಹುಡುಗಿಯೂ ರಾಮದುರ್ಗದವಳೇ. ಮಾತುಕತೆ ನಡೆಸುತ್ತಿದ್ದವರು ಅಲ್ಲೇ ಇದ್ದ ನನ್ನ ಸೋದರಮಾವ. (ಸುಮ್ಮನೆ ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಅನ್ನುತ್ತೀರಾ? ಆಗುತ್ತಿತ್ತು. ಆದರೆ ನಾನು ಆಗಷ್ಟೇ ‘ಸಿ’ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಕಲಿತಿದ್ದೆ.)

ಸುದ್ದಿ ಮುಗಿಯಿತೆಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಕೊನೆಗೊಂದು ಗುರುತು ಬೇಕು. ನಮ್ಮ ಕಡೆ ಫೋನ್ ಇಡುವಾಗ ಎಲ್ಲರೂ ‘ಆತು’, ಅಂದರೆ ‘ಆಯಿತು’, ಅನ್ನುತ್ತಾರೆ. ಅದನ್ನೇ ಗುರುತು ಮಾಡಿದೆ. ‘ಆತು’ ಕಂಡರೆ ಲೈನ್ ಕಟ್. ಎಂಥ ಬುದ್ಧಿವಂತ ನಾನು!

ಮಾಮಾ ಹೇಳಿದ್ದನ್ನು ಗೆಳೆಯ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ: “ಹುಡುಗಿ ಮನ್ಯಾವರದು ಒಪ್ಪಿಗಿ ಆತು ಅನ್ನಾಕ ಬರೂದಿಲ್ಲ, ಇನ್ನ ಎರಡ ದಿನ ತಡಿ.”

ನನಗೆ ಬಂದದ್ದು: “ಹುಡುಗಿ ಮನ್ಯಾವರದು ಒಪ್ಪಿಗಿ.”

ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರುದಿನ ನಿಜ ತಿಳಿದಾಗ ಕೇಳಿದಳು, “ಈಗ ಮನಿಮನಿಗೆ ಹೋಗಿ ಸಕ್ಕರಿ ವಾಪಸ್ ಇಸ್ಕೊಂಡ ಬರ್ಲೇನೋ?”

ಗುರುತಿನ ಸಹವಾಸವೇ ಬೇಡ ಎಂದು ಪ್ರೋಗ್ರಾಮ್ ತಿದ್ದಿದೆ. ಮೊದಲು ಎಷ್ಟು ಅಕ್ಷರ ಎಂಬ ಲೆಕ್ಕ ಬರಬೇಕು, ಆಮೇಲೆ ಅಷ್ಟನ್ನೇ ಓದಬೇಕು. ಲೆಕ್ಕಕ್ಕೆ ಕೊಟ್ಟ ಜಾಗ ಒಂದೇ ಬೈಟ್. ಅದರಲ್ಲಿ ಹಿಡಿಸುವುದು ಇನ್ನೂರ ಐವತ್ತೈದರವರೆಗೆ. ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಅಷ್ಟುದ್ದ ಯಾರು ಬರೆಸುತ್ತಾರೆ?

ಮಾಮಾ ಬರೆಸಿದರು. ಇನ್ನೂರ ಅರವತ್ತು ಅಕ್ಷರ! ಕಂಪ್ಯೂಟರ್ ಲೆಕ್ಕದಲ್ಲಿ ಅದು ಬರೀ ನಾಲ್ಕು.

ನಮ್ಮ ಜನ ‘ಹೌದು’ ಹೇಳುವುದಿದ್ದರೂ ‘ಇಲ್ಲ’ ಎಂದೇ ಶುರುಮಾಡುತ್ತಾರೆ, ಗೊತ್ತಲ್ಲ? “ಇಲ್ಲ, ನೀ ಏನೂ ಚಿಂತಿ ಮಾಡಬ್ಯಾಡ, ಎಲ್ಲಾರೂ ಖುಷೀಲೆ ಒಪ್ಯಾರ...” ಎಂದು ಸಾಗಿತ್ತಂತೆ ಅವರ ಪುರಾಣ. ನನಗೆ ಬಂದದ್ದು ಐ, ಎಲ್, ಎಲ್, ಎ. ಇಲ್ಲ!

ಎರಡು ದಿನ ಊಟ ಸೇರಲಿಲ್ಲ. (ಕಣ್ಣಲ್ಲಿ ನೀರೂ ಬಂದಿತ್ತು. ನಗಬೇಡಿ.) ಮೂರನೇ ದಿನ ಮಾಮಾ ಬಸ್ಸಿಳಿದು ಬಂದವರೇ ಬೈದರು, “ಅಲ್ಲಿ ಬೀಗರು ಸೀರಿ ತಗದಾರ, ನೀ ಇಲ್ಲಿ ಗಡ್ಡಾ ಬಿಟ್ಟ ಕುಂತಿಯೇನಲೇ?”

ನಿಶ್ಚಯದ ದಿನ ಮಾಮಾ ಬೀಗರ ಮುಂದೆ ಈ ಕಥೆಯನ್ನೆಲ್ಲ ಬಿಚ್ಚಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ನೇರ ನನ್ನನ್ನೇ ಕೇಳಿದಳು:

“ಲಗ್ನ ಆದಮ್ಯಾಲ ನಾ ಮಾತಾಡಾಕ ಹತ್ತಿದರ, ಎಷ್ಟನೇ ಅಕ್ಷರಕ್ಕ ಲೈನ್ ಕಟ್ ಮಾಡ್ತೀರಿ?”